ಪುಣ್ಯಕೋಟಿ ಮೇಯ್ದ ಹುಲ್ಲು ಯಾರದು?

(ರಾಣೆಬೆನ್ನೂರಿನ ವಿದ್ಯಾರ್ಥಿ ಪರಿಸರ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಪರಿಸರದ ಕುರಿತು ಮಾತನಾಡಲು ನನ್ನನ್ನು ಕರೆದಿದ್ದೀರಿ. ನಾನು ಮಾತನಾಡಲಿರುವುದು ಮಕ್ಕಳ ಎರಡು ಪದ್ಯಗಳ ಕುರಿತು. ಬಾಲ್ಯದಲ್ಲಿ ಅವನ್ನು ಬಾಯಿಪಾಠ ಮಾಡಿದೆ; ಅವುಗಳ ಅರ್ಥ ತಿಳಿದದ್ದು ಕೂದಲು ನರೆತ ಮೇಲೆ.

ಮೊದಲನೆಯದು ಗೋವಿನ ಹಾಡು. ಬ್ಯಾಡಗಿಯ ಶಾಲೆಯಲ್ಲಿ ಮಾಸ್ತರರು ಅದನ್ನು ಹಾಡಿಸುವಾಗ, ಪುಣ್ಯಕೋಟಿ ತನ್ನ ಕರುವನ್ನು ಉಳಿದ ಹಸುಗಳಿಗೆ ಒಪ್ಪಿಸಿ ಹೊರಡುವಲ್ಲಿ ನಾವೆಲ್ಲ ಅಳುತ್ತಿದ್ದೆವು. ಕೊನೆಯಲ್ಲಿ ಹುಲಿ ಸತ್ತಾಗ ಯಾರೂ ಅಳಲಿಲ್ಲ. ಇತ್ತೀಚೆಗೆ ಮೊಮ್ಮಗಳಿಗೆ ಅದೇ ಹಾಡನ್ನು ಹೇಳಿಕೊಟ್ಟೆ. ಅವಳು ಕೇಳಿದಳು: “ಅಜ್ಜಾ, ಆ ಹುಲಿಗೆ ತಿನ್ನಲಿಕ್ಕೆ ಬ್ಯಾರೆ ಏನೂ ಇರಲಿಲ್ಲೇನು?”

ನನ್ನಲ್ಲಿ ಉತ್ತರವಿರಲಿಲ್ಲ. ಹಾಡಿನಲ್ಲಿ ಹುಲಿ ಸುಳ್ಳು ಹೇಳುವುದಿಲ್ಲ. ಹಸಿದಿದ್ದರೂ ಹಸುವಿನ ಮಾತನ್ನು ನಂಬಿ ಬಿಟ್ಟುಕೊಡುತ್ತದೆ. ಆದರೂ ಪ್ರಾಣ ಬಿಟ್ಟದ್ದು ಅದೇ. ಅದು ಏಕೆ ಹಸಿದಿತ್ತೆಂಬುದನ್ನು ನಾವು ಕೇಳಲೇ ಇಲ್ಲ.

ಈ ಪ್ರಶ್ನೆಗೆ ನಮ್ಮ ಸೀಮೆಯಲ್ಲಿಯೇ ಸಾಕ್ಷಿಯಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಲಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾದುದು ಬಯಲು ಹುಲ್ಲುಗಾವಲು. ಅಲ್ಲಿ ಬೆಳೆಸಿದ್ದು ಬಹುಮಟ್ಟಿಗೆ ನೀಲಗಿರಿ. ಒಂದು ಕಾಲಕ್ಕೆ ಅಲ್ಲಿದ್ದ ಎರೆಭೂತ ಹಕ್ಕಿ ಕಾಣದಾಗಿದೆ. ಜಿಂಕೆ ಹೊಲಕ್ಕೆ ನುಗ್ಗಿದರೆ, ತೋಳ ಕುರಿ ಹಿಂಡಿಗೆ ಬಂದರೆ ನಾವು ಕಲ್ಲು ಎತ್ತಿಕೊಳ್ಳುತ್ತೇವೆ. ನಷ್ಟವಾದ ರೈತನ, ಕುರಿಗಾರನ ಸಂಕಟ ಸುಳ್ಳಲ್ಲ. ಆದರೆ ಪ್ರಾಣಿ ಏಕೆ ಬಂತೆಂಬ ಪ್ರಶ್ನೆಯೂ ಸುಳ್ಳಲ್ಲ.

ಎರಡನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷ್ ಕವಿ ಬ್ರೌನಿಂಗನ ಕಥನಪದ್ಯವನ್ನು ಅವರು ತುಂಗೆಯ ದಡಕ್ಕೆ ತಂದರು. ಇಲಿಗಳು ಹೊಳೆ ಪಾಲಾಗುವುದನ್ನು ಕೇಳಿ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಈಗ ಓದಿದರೆ ಮನಸ್ಸು ಗೌಡನ ಮೇಲೆ ನಿಲ್ಲುತ್ತದೆ. ಕಷ್ಟದಲ್ಲಿ ಮಾತು ಕೊಟ್ಟವನು, ಕಷ್ಟ ಕಳೆದ ಮೇಲೆ ತಪ್ಪಿದ. ತಪ್ಪಿದವರು ಹಿರಿಯರು, ಬೆಟ್ಟದೊಳಗೆ ಕಣ್ಮರೆಯಾದವರು ಮಕ್ಕಳು.

ಒಂದು ಪದ್ಯದಲ್ಲಿ ಮಾತು ಉಳಿಯುತ್ತದೆ, ಇನ್ನೊಂದರಲ್ಲಿ ಮುರಿಯುತ್ತದೆ. ಗೋಮಾಳವೆಂಬುದೂ ಊರಿನ ಹಿರಿಯರು ಮುಂದಿನ ಮಕ್ಕಳಿಗೆ, ಮೂಕ ಪ್ರಾಣಿಗಳಿಗೆ ಕೊಟ್ಟ ಮಾತೇ. 1984ರಲ್ಲಿ ಕಾಗದದ ತಿರುಳಿಗಾಗಿ ನೀಲಗಿರಿ ಬೆಳೆಯಲು ಸಾವಿರಾರು ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ಸರ್ಕಾರ ಮತ್ತು ಖಾಸಗಿ ಉದ್ಯಮದ ಜಂಟಿ ಕಂಪನಿಗೆ ಕೊಡಲಾಯಿತು. ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು, ಅಂದರೆ ಮಕ್ಕಳ ದಿನದಂದೇ, ಜನರು ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಹಣ್ಣು ಮತ್ತು ಮೇವು ಕೊಡುವ ಸಸಿಗಳನ್ನು ಹಚ್ಚಿದರು. ಮಕ್ಕಳಿಗಾಗಿ ‘ಬಾಲಪ್ರಪಂಚ’ ಬರೆದ ಶಿವರಾಮ ಕಾರಂತರು ಈ ಭೂಮಿಯ ಪರವಾಗಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕವರಲ್ಲಿ ಒಬ್ಬರು. 1991ರಲ್ಲಿ ಆ ಕಂಪನಿಯನ್ನು ಮುಚ್ಚಲಾಯಿತು.

ಕಂಪನಿಯನ್ನು ದೂರುವುದು ಸುಲಭ. ನನ್ನ ಮಾತನ್ನೂ ಹೇಳಬೇಕು. ನಮ್ಮ ಮೆಣಸಿನಕಾಯಿ ಹೊಲದ ಬದುವನ್ನು ನಮ್ಮ ತಂದೆಯವರು ಗೋಮಾಳದ ಕಡೆಗೆ ಸರಿಸಿದ್ದರು. ನಾನು ಸುಮ್ಮನಿದ್ದೆ, ಆ ಫಸಲನ್ನು ಮಾರಿದ ಹಣದಲ್ಲಿಯೇ ಓದಿದೆ. ಪುಣ್ಯಕೋಟಿಗಾಗಿ ಅತ್ತವನೇ ಅವಳ ಹುಲ್ಲನ್ನು ಉತ್ತವನು.

ಆದ್ದರಿಂದ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬಿನ್ನಹ. ಊರಿಗೆ ಮರಳಿದ ಮೇಲೆ ಈ ಎರಡು ಪದ್ಯಗಳನ್ನು ಅಜ್ಜ ಅಜ್ಜಿಯರೊಡನೆ ಕುಳಿತು ಮತ್ತೊಮ್ಮೆ ಓದಿರಿ. ಅನಂತರ ನಿಮ್ಮ ಊರಿನ ಗೋಮಾಳದ ಸರ್ವೆ ನಂಬರು ಯಾವುದು, ಎಷ್ಟು ಎಕರೆ, ಈಗ ಉಳಿದಿರುವುದೆಷ್ಟು ಎಂದು ಅವರನ್ನೇ ಕೇಳಿರಿ. ಪಹಣಿ ತೆಗೆಸಿ ನೋಡಿರಿ. ಹಿರಿಯರು ತಡವರಿಸಬಹುದು. ನಾನೂ ಮೊಮ್ಮಗಳೆದುರು ತಡವರಿಸಿದೆ. ಆದರೂ ಕೇಳಿರಿ.