ರಾಣಿ ಏಕೆ ಮೂರ್ಛೆ ಹೋಗಲಿಲ್ಲ?

(ಮಕ್ಕಳ ಕಥೆಗಳನ್ನು ಕುರಿತ ಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲೇಖನ ರೂಪ)



‘ಒಂದಾನೊಂದು ಊರಿನಲ್ಲಿ ಒಬ್ಬ ರಾಜಕುಮಾರನಿದ್ದ’ ಎಂದ ಕೂಡಲೇ ಮುಂದಿನದು ನಮಗೆ ಗೊತ್ತಾಗಿಬಿಡುತ್ತದೆ. ಅವನಿಗೆ ಮದುವೆಯಾಗಬೇಕು, ಎಲ್ಲೋ ಇರುವ ರಾಜಕುಮಾರಿಯನ್ನು ಹುಡುಕಬೇಕು. ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ೧೮೩೫ರಲ್ಲಿ ಪ್ರಕಟಿಸಿದ ಬಟಾಣಿ ಕಾಳಿನ ಕಥೆಯೂ ಹೀಗೆಯೇ ಆರಂಭವಾಗುತ್ತದೆ. ರಾಜಕುಮಾರ ಲೋಕವೆಲ್ಲ ಸುತ್ತುತ್ತಾನೆ. ನೋಡಿದ ಕನ್ಯೆಯರಲ್ಲೆಲ್ಲ ಏನೋ ಒಂದು ಕೊರತೆ. ಕೊನೆಗೊಂದು ರಾತ್ರಿ ಮಳೆಯಲ್ಲಿ ನೆನೆದು ಬಂದ ಹುಡುಗಿಗೆ ಮುದಿ ರಾಣಿ ಇಪ್ಪತ್ತು ಹಾಸಿಗೆ, ಅದರ ಮೇಲೆ ಇಪ್ಪತ್ತು ಗರಿಹಾಸಿಗೆ ಹಾಸಿಕೊಡುತ್ತಾಳೆ. ಎಲ್ಲಕ್ಕಿಂತ ಅಡಿಯಲ್ಲಿ ಒಂದೇ ಒಂದು ಬಟಾಣಿ. ಅದು ಒತ್ತಿ ರಾತ್ರಿಯೆಲ್ಲ ನಿದ್ದೆಯಿಲ್ಲ ಎಂದವಳೇ ನಿಜವಾದ ರಾಜಕುಮಾರಿ!

ಈ ಹಳೆಯ ಜಾಡಿನಲ್ಲೇ ನಡೆದು, ಕೊನೆಯ ತಿರುವಿನಲ್ಲಿ ಬೇರೆ ದಾರಿ ಹಿಡಿದ ಒಂದು ಪುಸ್ತಕದ ಬಗ್ಗೆ ಇಂದು ಹೇಳಬೇಕೆಂದಿದ್ದೇನೆ. ಹೆಸರು ‘ರಾಜ ಮತ್ತು ರಾಜ’. ಲಿಂಡಾ ಡೆ ಹಾನ್ ಮತ್ತು ಸ್ಟರ್ನ್ ನೈಲಂಡ್ ಸೇರಿ ರಚಿಸಿದ ಈ ಚಿತ್ರಪುಸ್ತಕ ೨೦೦೦ದಲ್ಲಿ ಡಚ್ ಭಾಷೆಯಲ್ಲಿ, ೨೦೦೨ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು.

ಕಥೆ ಇಷ್ಟೇ. ಬೆಟ್ಟದ ಮೇಲಿನ ಅರಮನೆಯಲ್ಲಿ ಒಬ್ಬ ರಾಣಿ, ಅವಳ ಮಗ, ಒಂದು ಬೆಕ್ಕು. ರಾಣಿಗೆ ರಾಜ್ಯಭಾರ ಮಾಡಿ ಸಾಕಾಗಿದೆ. ಬೇಸಿಗೆ ಮುಗಿಯುವುದರೊಳಗೆ ಮಗನ ಮದುವೆ ಮಾಡಿ, ಪಟ್ಟ ಕಟ್ಟಿ, ಕೈ ತೊಳೆದುಕೊಳ್ಳಬೇಕು. ನಿನ್ನ ವಯಸ್ಸಿಗೆ ನನಗೆ ಎರಡು ಮದುವೆಯಾಗಿತ್ತಲ್ಲೋ ಎಂದು ಮಗನ ತಲೆ ತಿನ್ನುತ್ತಾಳೆ. ನನಗೆ ರಾಜಕುಮಾರಿಯರ ಮೇಲೆ ಅಷ್ಟೇನೂ ಮನಸ್ಸಿಲ್ಲಮ್ಮ ಎಂದು ಅವನು ಹೇಳಿಯೂ ಹೇಳುತ್ತಾನೆ. ಕೇಳುವವರು ಯಾರು? ಆಸ್ಟ್ರಿಯಾ, ಟೆಕ್ಸಾಸ್, ಗ್ರೀನ್‌ಲ್ಯಾಂಡ್‌ಗಳಿಂದ ಕನ್ಯೆಯರು ಬರುತ್ತಾರೆ. ನಮ್ಮ ಹೆಣ್ಣು ನೋಡುವ ಶಾಸ್ತ್ರವೇ. ಉಪ್ಪಿಟ್ಟು ಕೇಸರಿಬಾತು ಇಲ್ಲ, ಅಷ್ಟೆ.

ಮುಂಬೈಯಿಂದಲೂ ಒಬ್ಬಳು ಬರುತ್ತಾಳೆ. ಇಂಗ್ಲಿಷ್ ಆವೃತ್ತಿಯಲ್ಲಿ ಆಕೆಯ ಹೆಸರು ರಾಜ್‌ಮಶ್‌ಪುಟ್ಟಿನ್! ಅಂಥ ಹೆಸರು ನಮ್ಮ ಯಾವ ಕೇರಿಯಲ್ಲಿಯೂ ಸಿಗಲಾರದು. ಉದ್ದ ಕೈಗಳವಳು, ಪ್ರಜೆಗಳತ್ತ ಕೈ ಬೀಸಲು ಅನುಕೂಲ ಎಂದು ರಾಜಕುಮಾರ ಚೇಷ್ಟೆ ಮಾಡುತ್ತಾನೆ. ಒಂದು ಪೂರ್ವಗ್ರಹವನ್ನು ಬದಿಗಿಡಲು ಹೊರಟ ಪುಸ್ತಕ ಇನ್ನೊಂದನ್ನು ಸಲೀಸಾಗಿ ಹೊತ್ತು ತಂದಿದೆ. ನಾವು ನಗೋಣ, ಆದರೆ ಅದನ್ನು ಗಮನಿಸಿಯೇ ನಗೋಣ.

ಕಡೆಯಲ್ಲಿ ಮ್ಯಾಡೆಲೀನ್ ಎಂಬ ರಾಜಕುಮಾರಿ ಬರುತ್ತಾಳೆ, ಜೊತೆಗೆ ಅವಳ ಅಣ್ಣ ಲೀ. ರಾಜಕುಮಾರನ ಎದೆ ಡವಡವ ಎನ್ನುತ್ತದೆ, ಅಣ್ಣನನ್ನು ನೋಡಿ! ಅವನಿಗೂ ಹಾಗೆಯೇ. ಮದುವೆಯಾಗುತ್ತದೆ. ಆನಂದದಿಂದ ರಾಣಿಯ ಕಣ್ಣಲ್ಲಿ ನೀರು. ಇಬ್ಬರೂ ರಾಜರಾಗುತ್ತಾರೆ. ಮುದುಕಿಗೆ ಬಯಸಿದ ವಿಶ್ರಾಂತಿ ಸಿಗುತ್ತದೆ.

ಈ ಕಥೆಯಲ್ಲಿ ನಿಜವಾಗಿ ನಗು ಬರಿಸುವುದು ಏನು? ಗಂಡು ಗಂಡನ್ನು ಒಲಿದದ್ದಲ್ಲ. ನಾವು ನಿರೀಕ್ಷಿಸಿದ್ದು ನಡೆಯದಿರುವುದೇ ಇಲ್ಲಿನ ವಿನೋದ. ರಾಣಿ ಮೂರ್ಛೆ ಹೋಗುವುದಿಲ್ಲ. ಮಂತ್ರಿಗಳು ಸಭೆ ಸೇರುವುದಿಲ್ಲ. ಜನ ಏನೆಂದಾರು ಎಂದು ಯಾರೂ ಕೇಳುವುದಿಲ್ಲ. ತಾಯಿಗೆ ಬೇಕಾಗಿದ್ದದ್ದು ಮಗನ ಮದುವೆ, ಅದು ಆಯಿತು. ನಗೆಯ ಬಾಣ ನೆಟ್ಟಿರುವುದು ಅವಳ ಅವಸರಕ್ಕೆ, ಮಗನ ಪ್ರೇಮಕ್ಕಲ್ಲ. ಸಲಿಂಗ ಪ್ರೇಮಿಗಳನ್ನು ಹಾಸ್ಯದ ವಸ್ತುವಾಗಿಸುವ ಸಿನಿಮಾ, ನಾಟಕಗಳನ್ನು ನಾವು ಬೇಕಾದಷ್ಟು ಕಂಡಿದ್ದೇವೆ. ಅವಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ.

ಪುಸ್ತಕ ಬಂದ ಮರುವರ್ಷ, ೨೦೦೧ರ ಏಪ್ರಿಲ್ ೧ರಂದು, ನೆದರ್ಲೆಂಡ್ಸ್ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಟ್ಟ ಜಗತ್ತಿನ ಮೊದಲ ದೇಶವಾಯಿತು. ಆದರೆ ಕಡಲು ದಾಟಿದ ಪುಸ್ತಕ ನೆಟ್ಟಗೆ ನ್ಯಾಯಾಲಯದ ಮೆಟ್ಟಿಲೇರಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಸಲಿಂಗ ವಿವಾಹ ೨೦೦೪ರಲ್ಲೇ ಕಾನೂನುಬದ್ಧವಾಗಿತ್ತು. ಅಲ್ಲಿನ ಲೆಕ್ಸಿಂಗ್ಟನ್ ಎಂಬ ಊರಿನ ಶಾಲೆಯಲ್ಲಿ ೨೦೦೬ರಲ್ಲಿ ಶಿಕ್ಷಕಿಯೊಬ್ಬರು ಎರಡನೆಯ ತರಗತಿಯ ಮಕ್ಕಳಿಗೆ ಈ ಕಥೆ ಓದಿದರು. ತಮಗೆ ಮೊದಲೇ ತಿಳಿಸಲಿಲ್ಲ, ಇದು ತಮ್ಮ ಧರ್ಮಕ್ಕೆ ವಿರುದ್ಧ ಎಂದು ಪೋಷಕರು ದಾವೆ ಹೂಡಿದರು. ಮಗು ಒಂದು ಕಥೆ ಕೇಳಿದ ಮಾತ್ರಕ್ಕೆ ಧಾರ್ಮಿಕ ಸ್ವಾತಂತ್ರ್ಯಕ್ಕೆ ಭಂಗ ಬಂದಂತಲ್ಲ ಎಂಬ ಅರ್ಥದಲ್ಲಿ ೨೦೦೮ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪು ಕೊಟ್ಟಿತು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ೨೦೧೮ರಲ್ಲಿ ‘ರಾಜಕುಮಾರ ಮತ್ತು ವೀರಯೋಧ’ ಎಂಬ ಇದೇ ಬಳಗದ ಇನ್ನೊಂದು ಪುಸ್ತಕ ಬಂತು. ಡ್ರ್ಯಾಗನ್ ಜೊತೆ ಕಾದಾಡುವಾಗ ನೆರವಿಗೆ ಬಂದ ಯೋಧನನ್ನೇ ರಾಜಕುಮಾರ ವರಿಸುವ ಕಥೆ. ಮೇರಿಲ್ಯಾಂಡ್ ರಾಜ್ಯದ ಶಾಲೆಗಳಲ್ಲಿದ್ದ ಇಂಥ ಪುಸ್ತಕಗಳ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ೨೦೨೫ರ ಜೂನ್‌ನಲ್ಲಿ ಆರು–ಮೂರರ ಬಹುಮತದ ತೀರ್ಪು ಪೋಷಕರ ಪರವಾಯಿತು: ಇಂಥ ಪಾಠದ ಮುನ್ಸೂಚನೆ ಕೊಡಬೇಕು, ಬೇಡವೆಂದವರ ಮಕ್ಕಳನ್ನು ಹೊರಗಿರಲು ಬಿಡಬೇಕು.

ಮಕ್ಕಳ ಬಗ್ಗೆ ತಂದೆತಾಯಿಯರಿಗಿರುವ ಆತಂಕವನ್ನು ನಾನು ಗೇಲಿ ಮಾಡುವವನಲ್ಲ. ಆದರೆ ಹೀಗೆ ಒಂದು ಮಗು ತರಗತಿಯಿಂದ ಎದ್ದು ಹೋಗುವಾಗ, ಅಲ್ಲೇ ಕುಳಿತಿರುವ ಇನ್ನೊಂದು ಮಗುವನ್ನೂ ನೆನೆಯಬೇಕು. ಅದರ ಮನೆಯಲ್ಲಿ ಇಬ್ಬರು ಅಪ್ಪಂದಿರು ಇರಬಹುದು. ಅಥವಾ ಅದೇ ಮಗು ಮುಂದೊಂದು ದಿನ, ನನಗೆ ರಾಜಕುಮಾರಿಯರ ಮೇಲೆ ಮನಸ್ಸಿಲ್ಲಮ್ಮ ಎನ್ನಬಹುದು. ಆ ಮಾತನ್ನು ಇಪ್ಪತ್ತು ಹಾಸಿಗೆಗಳ ಕೆಳಗೆ ಬಚ್ಚಿಟ್ಟರೂ ಬಟಾಣಿ ಕಾಳಿನಂತೆ ಒತ್ತುತ್ತಲೇ ಇರುತ್ತದೆ. ನಿದ್ದೆ ಕೆಡುವುದು ಮಲಗಿದವರಿಗೆ, ಹಾಸಿಗೆ ಹಾಸಿದವರಿಗಲ್ಲ.

ಇನ್ನು ನಮ್ಮ ಮಾತು. ೨೦೧೮ರ ಸೆಪ್ಟೆಂಬರ್ ೬ರಂದು ನಮ್ಮ ಸುಪ್ರೀಂ ಕೋರ್ಟು, ವಯಸ್ಕರ ಪರಸ್ಪರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ೨೦೨೩ರ ಅಕ್ಟೋಬರ್ ೧೭ರಂದು, ಅಂಥವರ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸನಸಭೆಗೆ ಬಿಟ್ಟ ವಿಷಯ ಎಂದಿತು. ಅಂದರೆ ಒಲಿಯಬಹುದು, ಕಥೆಯ ಕೊನೆಯ ಪುಟ ಮಾತ್ರ ಇನ್ನೂ ಬರೆದಾಗಿಲ್ಲ.

ನಮ್ಮ ಅಜ್ಜಿಯರು ಕಥೆ ಮುಗಿಸುವಾಗ ಒಂದು ಮಾತು ಹೇಳುತ್ತಿದ್ದರು: ‘ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೇವೆ.’ ಚಿಕ್ಕಂದಿನಲ್ಲಿ ಅದು ನಿದ್ದೆಗೆ ಹೊರಡುವ ಸೂಚನೆ ಎಂದುಕೊಂಡಿದ್ದೆ. ಈ ಪುಟ್ಟ ಪುಸ್ತಕ ಓದಿ ಮುಚ್ಚಿಟ್ಟಾಗ ಆ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿಯಿತು.