ಹಳೆಯ ಡೀಸೆಲ್ ಜನರೇಟರನ್ನು ಮನೆಗೆ ಜೋಡಿಸುವ ಮುನ್ನ
(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಬೇಸಾಯ ಶಾಸ್ತ್ರದ ಅಧ್ಯಾಪಕನಾದ ನಾನು ಬಿತ್ತನೆ, ಗೊಬ್ಬರ, ನೀರು ಇವುಗಳ ವಿಷಯ ಹೇಳುವುದು ವಾಡಿಕೆ. ಈ ದಿನ ಜನರೇಟರಿನ ವಿಷಯ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಬ್ಯಾಂಕು, ಆಸ್ಪತ್ರೆ, ಮೊಬೈಲ್ ಟವರು, ಸರ್ಕಾರಿ ಕಚೇರಿ ಮುಂತಾದ ಕಡೆ ಕೆಲಸ ಮಾಡಿ, ಬೇಡವಾಗಿ ಹೊರಬಂದ ಡೀಸೆಲ್ ಜನರೇಟರುಗಳು ಹರಾಜಿನಲ್ಲಿಯೂ ಹಳೆಯ ಸಾಮಾನಿನ ವ್ಯಾಪಾರಿಗಳಲ್ಲಿಯೂ ಸಿಗುತ್ತವೆ. ಹೊಸದರ ಬೆಲೆಗಿಂತ ಎಷ್ಟೋ ಅಗ್ಗವೆಂದು ರೈತರು ಕೊಂಡು ತಂದು ತೋಟದ ಮನೆಗೆ ಜೋಡಿಸುತ್ತಾರೆ. ಕೊಳ್ಳುವುದು ತಪ್ಪಲ್ಲ. ಆದರೆ ಜೋಡಿಸುವ ಕ್ರಮದಲ್ಲಿ ಒಂದು ಸ್ವಿಚ್ಚನ್ನು ಉಳಿಸಲು ಹೋಗಿ ಒಂದು ಜೀವವನ್ನೇ ಕಳೆಯುವ ಸಂಭವವಿದೆ. ಈ ಮಾತನ್ನು ತಮ್ಮ ಮನಸ್ಸಿಗೆ ಮುಟ್ಟಿಸುವುದೇ ನನ್ನ ಉದ್ದೇಶ.

ನಿಜವಾಗಿ ಬೇಕೇ?

ಮೊದಲು ಖರ್ಚನ್ನು ನೋಡೋಣ. ಹಳೆಯ ಸಣ್ಣ ಜನರೇಟರು ಒಂದು ಯೂನಿಟ್ ವಿದ್ಯುತ್ ಉತ್ಪಾದಿಸಲು ಸುಮಾರು ಮೂರನೆಯ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಡೀಸೆಲ್ ಒಂದಕ್ಕೇ ಯೂನಿಟ್ಟಿಗೆ 30 ರೂಪಾಯಿ ಆಯಿತು. ಆಯಿಲ್, ಫಿಲ್ಟರ್, ರಿಪೇರಿ ಬೇರೆ. ಆದ್ದರಿಂದ ದಿನನಿತ್ಯದ ನೀರಾವರಿಗೆ ಇದು ಹೇಳಿಸಿದ್ದಲ್ಲ. ನಾಲ್ಕು ದೀಪ, ಎರಡು ಫ್ಯಾನುಗಳಿಗಷ್ಟೇ ಆದರೆ ಬ್ಯಾಟರಿ ಇನ್ವರ್ಟರ್ ಸಾಕು. ಅದಕ್ಕೆ ಹೊಗೆಯೂ ಇಲ್ಲ, ಸದ್ದೂ ಇಲ್ಲ.

ಹಾಗಾದರೆ ಜನರೇಟರ್ ಯಾರಿಗೆ ಬೇಕು? ಕರೆಂಟ್ ನಿಂತರೆ ಕೆಲವೇ ಗಂಟೆಗಳಲ್ಲಿ ನಷ್ಟವಾಗುವ ಕಸುಬು ಇರುವವರಿಗೆ. ಮುಚ್ಚಿದ ಕೋಳಿ ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಫ್ಯಾನು ನಿಂತರೆ ಕೋಳಿಗಳು ತಡೆಯಲಾರವು. ಹಾಲು ತಣ್ಣಗಿಡುವ ಯಂತ್ರ ನಿಂತರೆ ಹಾಲು ಕೆಡುತ್ತದೆ. ಪಾಲಿಹೌಸಿನ ಟ್ರೇಗಳಲ್ಲಿರುವ ಸಸಿಗಳ ಬೇರಿಗೆ ಹಿಡಿ ಗೊಬ್ಬರವೇ ಆಧಾರ. ಅವು ಒಂದು ಬಿರುಬಿಸಿಲಿನ ದಿನ ನೀರಿಲ್ಲದೆ ಬಾಡುತ್ತವೆ. ಹೊಲದ ಬೆಳೆಯ ಮಾತೇ ಬೇರೆ. ಆಳವಾದ ಕಪ್ಪು ಮಣ್ಣಿನಲ್ಲಿ ನಿಂತ ಬೆಳೆ ಒಂದೆರಡು ದಿನ ನೀರು ತಡವಾದರೆ ಕೆಡುವುದಿಲ್ಲ. ಮುಸುಕಿನ ಜೋಳ ಹೂ ಬಿಟ್ಟು ರೇಷ್ಮೆ ಎಳೆ ತೆಗೆಯುವಂಥ ಸೂಕ್ಷ್ಮ ಹಂತದಲ್ಲಿ ಮಾತ್ರ ಡೀಸೆಲ್ ಸುಟ್ಟು ನೀರು ಕೊಡುವುದಕ್ಕೆ ಅರ್ಥವಿದೆ. ಈ ಲೆಕ್ಕವನ್ನು ಮನೆಯಲ್ಲಿಯೇ ಕುಳಿತು ಹಾಕಿಕೊಂಡು, ಆಮೇಲೆ ಹರಾಜಿಗೆ ಹೋಗುವುದು ಲೇಸು.

ಎಷ್ಟು ದೊಡ್ಡದು?

ಜನರೇಟರಿನ ಶಕ್ತಿಯನ್ನು ಕೆ.ವಿ.ಎ. ಎಂಬ ಅಳತೆಯಲ್ಲಿ ಹೇಳುತ್ತಾರೆ. ಇದನ್ನು 0.8ರಿಂದ ಗುಣಿಸಿದರೆ ಸಾಮಾನ್ಯವಾಗಿ ಕಿಲೋವ್ಯಾಟ್ ಸಿಗುತ್ತದೆ. 10 ಕೆ.ವಿ.ಎ. ಎಂದರೆ 8 ಕಿಲೋವ್ಯಾಟ್.

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳಿ. 10 ವ್ಯಾಟಿನ 10 ಎಲ್‌ಇಡಿ ದೀಪಗಳಿಗೆ 100 ವ್ಯಾಟ್, 4 ಫ್ಯಾನುಗಳಿಗೆ 280, ಟೆಲಿವಿಷನ್ನಿಗೆ 100, ಫ್ರಿಜ್ಜಿಗೆ 200, ಮಿಕ್ಸಿಗೆ 500. ಎಲ್ಲ ಸೇರಿ 1,180 ವ್ಯಾಟ್. ಇದರೊಂದಿಗೆ ತೊಟ್ಟಿಗೆ ನೀರೇರಿಸುವ 1 ಹೆಚ್.ಪಿ. ಮೋಟಾರು ಇದ್ದರೂ 5 ಕೆ.ವಿ.ಎ. ಸೆಟ್ಟು ಧಾರಾಳವಾಯಿತು.

ಕೊಳವೆ ಬಾವಿಯ 5 ಹೆಚ್.ಪಿ. ಮೋಟಾರಿನ ಲೆಕ್ಕ ಹೀಗಲ್ಲ. ಓಡುವಾಗ ಅದು ಫೇಸ್ ಒಂದಕ್ಕೆ ಸುಮಾರು 7.5 ಆಂಪಿಯರ್ ಎಳೆಯುತ್ತದೆ. ನೇರ ಸ್ಟಾರ್ಟರಿನಲ್ಲಿ ಹೊರಡುವ ಗಳಿಗೆಯಲ್ಲಿ ಅದರ 5ರಿಂದ 7 ಪಟ್ಟು ಎಳೆಯುತ್ತದೆ. ಹೇರು ಬಂಡಿಯನ್ನು ನಿಂತಲ್ಲಿಂದ ಕದಲಿಸುವಾಗ ಎತ್ತುಗಳು ಎಷ್ಟು ಜಗ್ಗಬೇಕು ಎಂಬುದನ್ನು ತಾವು ಬಲ್ಲಿರಿ, ಇದೂ ಹಾಗೆಯೇ. ಈ ಕಾರಣದಿಂದ ಅಂತಹ ಮೋಟಾರಿಗೆ 15 ಕೆ.ವಿ.ಎ.ಗೆ ಕಡಿಮೆಯಿಲ್ಲದ ಮೂರು ಫೇಸಿನ ಸೆಟ್ಟು ಬೇಕು.

ಅಗ್ಗಕ್ಕೆ ಸಿಕ್ಕಿತೆಂದು 62 ಕೆ.ವಿ.ಎ. ಸೆಟ್ಟು ತಂದು ಒಂದು ಮನೆಗೆ ಹಾಕುವುದೂ ಸರಿಯಲ್ಲ. ಡೀಸೆಲ್ ಎಂಜಿನ್ನಿಗೆ ಅದರ ಶಕ್ತಿಯ ಮೂರನೆಯ ಒಂದು ಪಾಲಾದರೂ ಕೆಲಸ ಕೊಡದಿದ್ದರೆ ಒಳಗೆ ಸಾಕಷ್ಟು ಕಾವು ಏರುವುದಿಲ್ಲ. ಡೀಸೆಲ್ ಪೂರ್ತಿ ಉರಿಯದೆ ಸೈಲೆನ್ಸರಿನಲ್ಲಿ ಎಣ್ಣೆಮಸಿ ಕಟ್ಟುತ್ತದೆ. ಎಂಜಿನ್ ಬೇಗ ಹಾಳಾಗುತ್ತದೆ. ಇನ್ನೊಂದು ಮಾತು. ಮೂರು ಫೇಸಿನ 15 ಕೆ.ವಿ.ಎ. ಸೆಟ್ಟಿನಿಂದ ಒಂದು ಫೇಸಿಗೆ ದೊರೆಯುವುದು 5 ಕೆ.ವಿ.ಎ., ಅಂದರೆ ಸುಮಾರು 21 ಆಂಪಿಯರ್ ಮಾತ್ರ. ಮನೆಯ ಭಾರವನ್ನೆಲ್ಲ ಒಂದೇ ಫೇಸಿಗೆ ಹೇರದೆ ಮೂರಕ್ಕೂ ಹಂಚತಕ್ಕದ್ದು.

ಕೊಳ್ಳುವಾಗ ನೋಡಬೇಕಾದದ್ದು

ಸರ್ಕಾರಿ ಇಲಾಖೆ, ಸಂಸ್ಥೆಗಳ ಸಾಮಗ್ರಿ ಎಂ.ಎಸ್.ಟಿ.ಸಿ.ಯ ಇ-ಹರಾಜಿನಲ್ಲಿ ಬರುವುದುಂಟು. ಇಂಥ ಮಾರಾಟ ‘ಇದ್ದಲ್ಲಿ ಇದ್ದ ಹಾಗೆ’ ಎಂಬ ಷರತ್ತಿನದು. ಕೊಂಡ ಮೇಲೆ ದೂರು ಹೇಳಲು ಬರುವುದಿಲ್ಲ. ಆದುದರಿಂದ ಒಬ್ಬ ನುರಿತ ಮೆಕ್ಯಾನಿಕ್ಕನ್ನು ಜೊತೆಗೆ ಕರೆದುಕೊಂಡು ಹೋಗಿ ಈ ಕೆಳಗಿನ ಅಂಶಗಳನ್ನು ಪರೀಕ್ಷಿಸಬೇಕು.

1. ಹೆಸರು ಫಲಕ. ಕೆ.ವಿ.ಎ., ವೋಲ್ಟ್, ಆಂಪಿಯರ್, ಸುತ್ತು, ಹರ್ಟ್ಸ್ ಇವೆಲ್ಲ ಅದರಲ್ಲಿರುತ್ತವೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸಿನದು. ನಿಮಿಷಕ್ಕೆ 1,800 ಸುತ್ತು, 60 ಹರ್ಟ್ಸ್ ಎಂದು ಬರೆದಿದ್ದರೆ ಅದು ಅಮೆರಿಕದಂಥ ದೇಶಗಳ ಬಳಕೆಗೆ ಮಾಡಿದ್ದು, ನಮಗೆ ಒಗ್ಗುವುದಿಲ್ಲ. 1,500 ಸುತ್ತಿನದು 3,000 ಸುತ್ತಿನದಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ. ಫಲಕವೇ ಇಲ್ಲದ್ದನ್ನು ಕೊಳ್ಳಬಾರದು.

2. ತಣ್ಣಗಿರುವಾಗ ಚಾಲನೆ. ನಾವು ಹೋಗುವ ಮೊದಲೇ ಓಡಿಸಿ ಬಿಸಿ ಮಾಡಿಟ್ಟ ಎಂಜಿನ್ ತನ್ನ ದೋಷ ತೋರಿಸುವುದಿಲ್ಲ.

3. ಹೊಗೆಯ ಬಣ್ಣ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ, ರಿಂಗುಗಳು ಸವೆದಿರಬಹುದು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಒಳಗೆ ನೀರು ಸೇರುತ್ತಿರಬಹುದು ಇಲ್ಲವೆ ಡೀಸೆಲ್ ಉರಿಯುತ್ತಿಲ್ಲ. ಭಾರ ಮಿತಿಯೊಳಗಿದ್ದೂ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಗಾಳಿ ಫಿಲ್ಟರ್ ನೋಡಬೇಕು. ಅಳತೆ ಕಡ್ಡಿಯಲ್ಲಿ ಆಯಿಲ್ ಹಾಲಿನಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಬೆರೆತಿದೆ.

4. ಭಾರ ಹಾಕಿ ಪರೀಕ್ಷೆ. ನೀರು ಕಾಯಿಸುವ ಹೀಟರುಗಳನ್ನು ಒಂದೊಂದಾಗಿ ಹಾಕಿ ಅರ್ಧ ಗಂಟೆ ಓಡಿಸಬೇಕು. ಭಾರವಿಲ್ಲದಾಗ 52 ಹರ್ಟ್ಸ್ ಇದ್ದು, ಪೂರ್ಣ ಭಾರಕ್ಕೆ 50ಕ್ಕೆ ಇಳಿಯುವುದು ಸಹಜ. ವೋಲ್ಟೇಜು ತೂಗಾಡಬಾರದು.

5. ಸುರುಳಿಯ ನಿರೋಧ. 500 ವೋಲ್ಟಿನ ಮೆಗ್ಗರಿನಿಂದ ಅಳೆದಾಗ ಸುರುಳಿಗೂ ಕವಚಕ್ಕೂ ನಡುವೆ 1 ಮೆಗಓಮ್‌ಗಿಂತ ಕಡಿಮೆ ಬರಬಾರದು. ಮಳೆಯಲ್ಲಿ ನೆನೆದು ಬಿದ್ದಿದ್ದ ಸೆಟ್ಟಿಗೆ ಈ ಪರೀಕ್ಷೆ ಅತ್ಯವಶ್ಯ.

2005ರ ಜನವರಿ 1ರ ನಂತರ ತಯಾರಾದ 1,000 ಕೆ.ವಿ.ಎ.ವರೆಗಿನ ಸೆಟ್ಟುಗಳ ಸದ್ದು, ಕವಚದಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದೆಂಬ ನಿಯಮವಿದೆ. ಅದಕ್ಕೂ ಹಳೆಯವು ಕವಚವಿಲ್ಲದೆ ಇರುವುದೇ ಹೆಚ್ಚು. ಅಕ್ಕಪಕ್ಕದ ಮನೆಗಳಿದ್ದಲ್ಲಿ ಇದನ್ನೂ ಯೋಚಿಸಬೇಕು.

ಎರಡು ಕಡೆ ಪ್ಲಗ್ ಇರುವ ವೈರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಲವರು ಒಂದು ವೈರಿನ ಎರಡು ತುದಿಗೂ ಪ್ಲಗ್ ಹಾಕಿ, ಒಂದನ್ನು ಜನರೇಟರಿಗೂ ಇನ್ನೊಂದನ್ನು ಗೋಡೆಯ ಸಾಕೆಟ್ಟಿಗೂ ಚುಚ್ಚುತ್ತಾರೆ. ಮನೆಯ ದೀಪಗಳೆಲ್ಲ ಹತ್ತಿಕೊಳ್ಳುತ್ತವೆ. ಕೆಲಸ ಸುಲಭವಾಯಿತೆಂದು ಸಂತೋಷವಾಗುತ್ತದೆ. ಮೇನ್ ಸ್ವಿಚ್ ಆರಿಸುವುದನ್ನು ಒಂದು ದಿನ ಮರೆತರೆ ಏನಾಗುತ್ತದೆ?

ಮನೆಯ ವಿದ್ಯುತ್ ಮೀಟರಿನ ಮೂಲಕ ಹಿಂದಕ್ಕೆ ಕಂಬಕ್ಕೆ ಹೋಗುತ್ತದೆ. ಕಂಬದಿಂದ ತಾವು ಟಿ.ಸಿ. ಎನ್ನುವ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರು ಬರುವ 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುವ ಯಂತ್ರ. ಅದಕ್ಕೆ ಮುಂದು ಹಿಂದು ಎಂಬ ಭೇದವಿಲ್ಲ. ಈ ಕಡೆಯಿಂದ ಕೊಟ್ಟರೆ ಅದೇ ಪ್ರಮಾಣದಲ್ಲಿ ಏರಿಸಿ ಆ ಕಡೆಗೆ ಕಳಿಸುತ್ತದೆ. ನಮ್ಮ ಮನೆಯ 230 ವೋಲ್ಟು ಆ ಬದಿಯ ತಂತಿಯಲ್ಲಿ 10,000 ವೋಲ್ಟಿನಷ್ಟು ಆಗಬಲ್ಲದು. ಕರೆಂಟ್ ತೆಗೆಸಿದ್ದೇನೆಂಬ ನಂಬಿಕೆಯಿಂದ ಕಂಬ ಹತ್ತಿದ ಲೈನ್‌ಮನ್ನಿಗೆ ಆ 10,000 ಬೇಕಿಲ್ಲ. ಕೆಳಗಿನ ತಂತಿಯ 230 ವೋಲ್ಟೇ ಸಾಕು.

‘ಊರಿನ ಭಾರವೆಲ್ಲ ಬಿದ್ದರೆ ನಮ್ಮ ಸಣ್ಣ ಸೆಟ್ಟು ತಾನೇ ನಿಂತುಬಿಡುತ್ತದೆ, ಅಪಾಯವೇನು?’ ಎಂದು ಕೇಳುವವರಿದ್ದಾರೆ. ಅನೇಕ ವೇಳೆ ಹಾಗೆಯೇ ಆಗುತ್ತದೆ. ಅದರಿಂದಲೇ ಈ ಧೈರ್ಯ ಬೆಳೆದಿದೆ. ಆದರೆ ಗಾಳಿಮಳೆಗೆ ಮರ ಬಿದ್ದು ನಮ್ಮ ಮನೆಯಿಂದ ಎರಡು ಕಂಬದಾಚೆ ತಂತಿ ಹರಿದಿದೆ ಎನ್ನಿ. ಆಗ ಊರಿನ ಭಾರ ನಮ್ಮ ಸೆಟ್ಟಿಗೆ ತಾಗುವುದಿಲ್ಲ. ಸೆಟ್ಟು ಆರಾಮವಾಗಿ ಓಡುತ್ತಿರುತ್ತದೆ, ಆ ಎರಡು ಕಂಬದ ತಂತಿಯಲ್ಲಿ ವಿದ್ಯುತ್ ಹರಿಯುತ್ತಿರುತ್ತದೆ. ಲೈನ್‌ಮನ್ ಬರುವುದೂ ಅಲ್ಲಿಗೇ. ಹರಿದು ಬಿದ್ದ ತುದಿಯನ್ನು ದನ ಕಾಯುವ ಹುಡುಗನೂ ತುಳಿಯಬಹುದು. ಅಂದರೆ ಜನರೇಟರ್ ಹೆಚ್ಚು ಬೇಕಾಗುವ ದಿನವೇ ಈ ಜೋಡಣೆ ಹೆಚ್ಚು ಅಪಾಯಕರವಾದ ದಿನ. ಲೈನ್‌ಮನ್ ಅರ್ತ್ ಮಾಡಿಕೊಂಡು ಕೆಲಸ ಮಾಡಬೇಕೆಂಬ ನಿಯಮ ಇದ್ದೇ ಇದೆ. ಅದು ಅವನ ರಕ್ಷಣೆಗೆ ಇರುವುದೇ ಹೊರತು ನಮ್ಮ ಅಲಕ್ಷ್ಯಕ್ಕೆ ಸಮಾಧಾನವಲ್ಲ.

ನಮಗೂ ಅಪಾಯವಿದೆ. ಸಾಕೆಟ್ಟಿನಿಂದ ಕಿತ್ತ ಪ್ಲಗ್ಗಿನ ಪಿನ್ನುಗಳಲ್ಲಿ ವಿದ್ಯುತ್ ಇರುತ್ತದೆ. ಮಕ್ಕಳ ಕೈಗೆ ಅದು ನೇರವಾಗಿ ಸಿಗುತ್ತದೆ. ಸೆಟ್ಟು ಓಡುತ್ತಿರುವಾಗ ಲೈನಿನ ಕರೆಂಟ್ ಬಂದುಬಿಟ್ಟರೆ ಎರಡೂ ಡಿಕ್ಕಿ ಹೊಡೆದು ಜನರೇಟರಿನ ಸುರುಳಿ ಸುಡುತ್ತದೆ.

ಚೇಂಜ್ ಓವರ್ ಸ್ವಿಚ್

ಪರಿಹಾರ ಸರಳ. ಮೀಟರ್ ಮತ್ತು ಮೇನ್ ಸ್ವಿಚ್ಚಿನ ನಂತರ, ಮನೆಯ ಫ್ಯೂಸ್ ಬೋರ್ಡಿನ ಮೊದಲು ಒಂದು ಚೇಂಜ್ ಓವರ್ ಸ್ವಿಚ್ ಹಾಕಿಸುವುದು. ಇದರ ಹಿಡಿಗೆ ಮೂರು ಸ್ಥಾನ: ಒಂದು ಲೈನ್, ಒಂದು ಜನರೇಟರ್, ನಡುವೆ ಬಂದ್. ಹಿಡಿ ಏಕಕಾಲಕ್ಕೆ ಎರಡು ಕಡೆ ಇರಲಾರದು. ನಮ್ಮ ಮರೆವು ಏನೇ ಇರಲಿ, ಕಬ್ಬಿಣ ಮರೆಯುವುದಿಲ್ಲ. ಒಂದು ಫೇಸಿನ ಮನೆಗೆ ಎರಡು ಪೋಲಿನದು, ಮೂರು ಫೇಸಿನದಕ್ಕೆ ನಾಲ್ಕು ಪೋಲಿನದು ಬೇಕು. ನ್ಯೂಟ್ರಲ್ ತಂತಿಯೂ ಅದರಲ್ಲಿ ಬದಲಾಗಬೇಕು. ಐ.ಎಸ್.ಐ. ಗುರುತಿರುವ, ಸೆಟ್ಟಿನ ಆಂಪಿಯರಿಗಿಂತ ದೊಡ್ಡದಾದ ಸ್ವಿಚ್ಚನ್ನು ಆರಿಸಬೇಕು. 15 ಕೆ.ವಿ.ಎ. ಸೆಟ್ಟಿಗೆ 32 ಆಂಪಿಯರಿನದು ಸಾಕಾಗುತ್ತದೆ.

ಕವಚಕ್ಕೆ ಎರಡು ಪ್ರತ್ಯೇಕ ಅರ್ತ್ ಕೊಡಬೇಕು. ಮೂರು ಫೇಸಿನ ಸೆಟ್ಟಾದರೆ ನ್ಯೂಟ್ರಲ್ಲಿಗೂ ಎರಡು ಪ್ರತ್ಯೇಕ ಅರ್ತ್ ಬೇಕು. ಬೇಸಿಗೆಯಲ್ಲಿ ಅರ್ತ್ ಗುಂಡಿಗೆ ಆಗಾಗ ನೀರು ಹಾಕಬೇಕು. 30 ಮಿಲಿ ಆಂಪಿಯರಿನ ಸೋರಿಕೆ ರಕ್ಷಕವನ್ನು ಮನೆಯ ಬೋರ್ಡಿನಲ್ಲಿ ಹಾಕಿಸುವುದು ಉತ್ತಮ. ಈ ಕೆಲಸವನ್ನೆಲ್ಲ ಲೈಸೆನ್ಸ್ ಪಡೆದ ವಿದ್ಯುತ್ ಗುತ್ತಿಗೆದಾರರಿಂದ ಮಾಡಿಸಿ, ವಿದ್ಯುತ್ ಸರಬರಾಜು ಕಂಪನಿಯ ಶಾಖಾ ಕಚೇರಿಗೆ ತಿಳಿಸತಕ್ಕದ್ದು. ವಿದ್ಯುತ್ ಪರಿವೀಕ್ಷಣಾಲಯದ ಅನುಮತಿಯ ವಿಷಯವನ್ನೂ ಅಲ್ಲಿಯೇ ವಿಚಾರಿಸಬಹುದು.

ನಡೆಸುವ ಕ್ರಮ

ಕರೆಂಟ್ ಹೋದಾಗ: ಮೋಟಾರು, ಫ್ರಿಜ್ಜು ಮುಂತಾದವನ್ನು ಆರಿಸಿ, ಹಿಡಿಯನ್ನು ನಡುವಿನ ಸ್ಥಾನಕ್ಕೆ ತನ್ನಿ, ಎಂಜಿನ್ ಚಾಲೂ ಮಾಡಿ 3ರಿಂದ 5 ನಿಮಿಷ ಬಿಡಿ, ವೋಲ್ಟೇಜು ಸರಿಯಿದೆಯೆಂದು ನೋಡಿ ಹಿಡಿಯನ್ನು ಜನರೇಟರಿನ ಕಡೆ ತಿರುಗಿಸಿ, ಮೊದಲು ಮೋಟಾರು, ಆಮೇಲೆ ಉಳಿದವನ್ನು ಒಂದೊಂದಾಗಿ ಹಾಕಿ.

ಕರೆಂಟ್ ಬಂದಾಗ: ಭಾರ ಕಡಿಮೆ ಮಾಡಿ, ಹಿಡಿಯನ್ನು ನಡುವಿಗೆ ತಂದು ಕ್ಷಣ ಕಾಲ ನಿಲ್ಲಿಸಿ, ನಂತರ ಲೈನಿನ ಕಡೆ ತಿರುಗಿಸಿ, ಎಂಜಿನ್ ಆರಲು 3ರಿಂದ 5 ನಿಮಿಷ ಬರಿದೇ ಓಡಿಸಿ ನಿಲ್ಲಿಸಿ. ಕರೆಂಟ್ ಬಂದದ್ದು ತಿಳಿಯಲು ಲೈನಿನ ಬದಿಗೆ ಒಂದು ಸೂಚಕ ದೀಪವಿರಲಿ. ಈ ಕ್ರಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಸ್ವಿಚ್ಚಿನ ಪಕ್ಕ ಅಂಟಿಸಿ. ಮನೆಯ ಹೆಂಗಸರಿಗೂ ಆಳುಗಳಿಗೂ ಕಲಿಸಿಕೊಡಿ.

ಇಡುವ ಸ್ಥಳ

ಜನರೇಟರನ್ನು ಎಂದಿಗೂ ಮನೆಯೊಳಗಾಗಲಿ, ಕೊಟ್ಟಿಗೆಯಲ್ಲಾಗಲಿ, ಮುಚ್ಚಿದ ಪಂಪ್ ಮನೆಯಲ್ಲಾಗಲಿ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೆಯೇ ಹೋಗಬಹುದು. ಬಯಲಿನಲ್ಲಿ ಸಿಮೆಂಟ್ ಕಟ್ಟೆಯ ಮೇಲೆ, ಸುತ್ತಲೂ ತೆರೆದ ಚಪ್ಪರದ ಕೆಳಗೆ, ಗಾಳಿಯು ಹೊಗೆಯನ್ನು ಕಿಟಕಿಯತ್ತ ತಳ್ಳದ ದಿಕ್ಕಿನಲ್ಲಿ ಇಡಬೇಕು. ರೇಷ್ಮೆ ಹುಳು ಮನೆಗೆ ಈ ಹೊಗೆ ಸೋಕಲೇಬಾರದು. ಹುಲ್ಲಿನ ಬಣವೆಯಿಂದ ದೂರವಿರಲಿ. ಎಂಜಿನ್ ಆರಿದ ಮೇಲೆಯೇ ಡೀಸೆಲ್ ತುಂಬಬೇಕು.

ಕೊನೆಯ ಮಾತು

ವಿಸ್ತರಣಾ ಕಾರ್ಯಕರ್ತರಲ್ಲಿ ಒಂದು ವಿನಂತಿ. ತಾವು ತೋಟಗಳಿಗೆ ಭೇಟಿ ಕೊಟ್ಟಾಗ ಬೆಳೆ ನೋಡಿದಂತೆಯೇ ಜನರೇಟರಿನ ವೈರನ್ನೂ ಒಮ್ಮೆ ನೋಡಿ. ಎರಡು ಕಡೆ ಪ್ಲಗ್ ಇರುವ ವೈರು ಕಂಡರೆ ಆ ದಿನದ ಬೇರೆ ಸಲಹೆಗಳನ್ನು ನಂತರಕ್ಕೆ ಇಟ್ಟು ಮೊದಲು ಅದನ್ನು ತೆಗೆಸಿ. ರೈತ ಬಾಂಧವರೇ, ಸೆಟ್ಟಿಗೆ ಹಣ ಹೊಂದಿಸುವಾಗ ಚೇಂಜ್ ಓವರ್ ಸ್ವಿಚ್, ಅರ್ತ್, ಕೇಬಲ್ ಇವುಗಳ ಹಣವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಅಷ್ಟು ಸೇರಿಸಿದ ಮೇಲೂ ಕೈಗೆಟುಕಿದರೆ ಕೊಳ್ಳಿ, ಇಲ್ಲದಿದ್ದರೆ ಇನ್ನೊಂದು ಬೆಳೆ ಬರುವವರೆಗೆ ಕಾಯಿರಿ. ನಮ್ಮ ಮನೆಗೆ ಬೆಳಕು ಮರಳಿಸಲು ಮಳೆಯಲ್ಲಿ ಕಂಬ ಹತ್ತುವವನು ಸಂಜೆ ತನ್ನ ಮನೆಗೆ ಕ್ಷೇಮವಾಗಿ ಮರಳಬೇಕು.