ಇನ್‌ಫ್ಲೇಮೆಬಲ್ ವಿವಾದ: ಇಂಗ್ಲಿಷ್ ಉಪಸರ್ಗಗಳ ಅರ್ಥ ಕುರಿತು

ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸಿದವರು. ಉದ್ದದ ಪದ ಎದುರಾದರೆ ಹೆದರಬೇಡಿ, ಮೊದಲು ಬಿಡಿಸಿ ನೋಡಿ ಎಂಬುದು ಅವರ ಪಾಠದ ಕ್ರಮವಾಗಿತ್ತು. ಅಂಥವರ ನೆನಪಿನ ವೇದಿಕೆಯಲ್ಲಿ ಪದ ಬಿಡಿಸುವ ಕೆಲಸವನ್ನೇ ವಿಷಯವಾಗಿ ಎತ್ತಿಕೊಳ್ಳುವ ಅವಕಾಶ ದೊರೆತದ್ದು ಉಪನ್ಯಾಸಕನಿಗೆ ಸಂದ ಗೌರವ. ಮುಂದೆ ಒಂದೆರಡು ಕಡೆ ಮೇಷ್ಟ್ರ ಕ್ರಮವನ್ನೇ ಪ್ರಶ್ನಿಸಲಾಗಿದೆ. ಪ್ರಶ್ನೆ ಕೇಳಿದ ವಿದ್ಯಾರ್ಥಿಯನ್ನು ಅವರು ಎಂದೂ ಗದರಿಸಿದವರಲ್ಲ ಎಂಬುದೇ ಅದಕ್ಕೆ ಧೈರ್ಯ.

ಯಾವ ವ್ಯಾಕರಣ ಪುಸ್ತಕದಲ್ಲೂ ಸಿಗುವ ಸಂಗತಿಗಳಿಗೆ ಇಲ್ಲಿ ಹೆಚ್ಚು ಜಾಗ ಬೇಕಿಲ್ಲ. ‘ರೀ’ ಎಂದರೆ ಮತ್ತೆ, ‘ಪ್ರೀ’ ಎಂದರೆ ಮೊದಲು, ‘ಮಿಸ್’ ಎಂದರೆ ತಪ್ಪಾಗಿ, ‘ಸಬ್’ ಎಂದರೆ ಕೆಳಗೆ. ‘ಅನ್’, ‘ಇನ್’, ‘ಡಿಸ್’, ‘ನಾನ್’ ನಾಲ್ಕೂ ಅಲ್ಲಗಳೆಯುತ್ತವೆ. ‘ಇನ್’ ತನ್ನ ಮುಂದಿನ ಅಕ್ಷರಕ್ಕೆ ಹೊಂದಿಕೊಂಡು ಇಂಪಾಸಿಬಲ್, ಇಲ್ಲೀಗಲ್ ಎಂದು ರೂಪ ಬದಲಿಸುವುದು ಸಂಧಿ ಓದಿದವರಿಗೆ ಹೊಸತೇನಲ್ಲ. ಇಷ್ಟೂ ಗೈಡುಗಳ ಪಟ್ಟಿಯಲ್ಲಿದೆ. ತೊಂದರೆ ಇರುವುದು ಆ ಪಟ್ಟಿಯ ಎರಡನೆಯ ಕಾಲಮ್ಮಿನಲ್ಲಿ, ‘ಅರ್ಥ’ ಎಂಬ ತಲೆಬರಹದ ಕೆಳಗೆ.

ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಓಡಾಡಿದವರು ಪೆಟ್ರೋಲ್ ಟ್ಯಾಂಕರುಗಳ ಬೆನ್ನ ಮೇಲೆ ದಪ್ಪ ಅಕ್ಷರಗಳಲ್ಲಿ ‘ಹೈಲಿ ಇನ್‌ಫ್ಲೇಮೆಬಲ್’ ಎಂದಿರುವುದನ್ನು ಓದಿರುತ್ತಾರೆ. ಪಟ್ಟಿ ಬಾಯಿಪಾಠ ಮಾಡಿದ ಹುಡುಗನೊಬ್ಬ ಅದನ್ನು ಬಿಡಿಸುವ ಬಗೆ ಹೀಗೆ: ಇನ್ ಎಂದರೆ ಅಲ್ಲ, ಫ್ಲೇಮ್ ಎಂದರೆ ಜ್ವಾಲೆ, ಅಂದ ಮೇಲೆ ಇದು ಬೆಂಕಿ ಹತ್ತದ ವಸ್ತು. ಅವನ ತರ್ಕದಲ್ಲಿ ಎಲ್ಲೂ ತಪ್ಪಿಲ್ಲ. ಉತ್ತರ ಮಾತ್ರ ಪ್ರಾಣಕ್ಕೆ ಎರವಾಗುವಂಥದ್ದು.

ಲ್ಯಾಟಿನ್ನಿನಲ್ಲಿ ‘ಇನ್’ ಒಂದಲ್ಲ, ಎರಡು. ಒಂದು ನಿಷೇಧದ್ದು, ಇಂಗ್ಲಿಷಿನ ‘ಅನ್’, ಗ್ರೀಕಿನ ‘ಅ’, ಸಂಸ್ಕೃತದ ‘ಅ, ಅನ್’ ಇವೆಲ್ಲ ಅದರ ಒಡಹುಟ್ಟುಗಳು. ಇನ್ನೊಂದು ‘ಒಳಗೆ, ಮೇಲೆ’ ಎಂಬ ಅರ್ಥದ್ದು. ‘ಇನ್‌ಫ್ಲಮಾರೆ’ ಎಂದರೆ ಉರಿ ಹಚ್ಚುವುದು. ಇನ್‌ಫ್ಲೇಮೆಬಲ್ ಬಂದದ್ದು ಅದರಿಂದ. ಬಾವು ಬರುವುದನ್ನು ವೈದ್ಯರು ಇನ್‌ಫ್ಲಮೇಶನ್ ಎನ್ನುವುದೂ ಅದೇ ಮೂಲದಿಂದ. ಎರಡು ಬೇರೆ ಉಪಸರ್ಗಗಳಿಗೆ ಪಟ್ಟಿ ಒಂದೇ ಸಾಲು ಕೊಟ್ಟಿತು. ಗೊಂದಲ ಹುಟ್ಟಿದ್ದು ಅಲ್ಲಿ.

ಇದನ್ನು ಗಂಭೀರವಾಗಿ ತೆಗೆದುಕೊಂಡವರಲ್ಲಿ ಅಗ್ನಿಸುರಕ್ಷೆಯವರು ಮೊದಲಿಗರು. ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ‘ಇನ್’ ಕಳೆದು ‘ಫ್ಲೇಮೆಬಲ್’ ಎಂದೇ ಬರೆಯಿರಿ ಎಂದು ಒತ್ತಾಯಿಸಿತು. ಬ್ರಿಟಿಷ್ ಸ್ಟ್ಯಾಂಡರ್ಡ್ಸ್ ಇನ್‌ಸ್ಟಿಟ್ಯೂಷನ್ 1959ರಲ್ಲಿ ಅದೇ ನಿಲುವು ತಳೆಯಿತು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ವರ್ಗೀಕರಣದಲ್ಲಿ 3ನೇ ವರ್ಗದ ಹೆಸರು ‘ಫ್ಲೇಮೆಬಲ್ ಲಿಕ್ವಿಡ್ಸ್’ ಎಂದಿದೆ.

ವಿರೋಧ ಬಂದದ್ದು ಶೈಲಿಯನ್ನು ಕಾಯುವವರಿಂದ. ಸ್ಟ್ರಂಕ್ ಮತ್ತು ವೈಟ್ ಅವರ ‘ದಿ ಎಲಿಮೆಂಟ್ಸ್ ಆಫ್ ಸ್ಟೈಲ್’ ಲಕ್ಷಾಂತರ ಮಂದಿ ಓದಿದ ಪುಸ್ತಕ. ಮಕ್ಕಳ ಮತ್ತು ಓದು ಬಾರದವರ ಸುರಕ್ಷತೆಯ ಚಿಂತೆ ಇರುವ ಲಾರಿಯವರನ್ನು ಬಿಟ್ಟರೆ ಉಳಿದವರು ಇನ್‌ಫ್ಲೇಮೆಬಲ್ ಎಂದೇ ಬರೆಯಬೇಕು ಎಂಬುದು ಅದರ ಅಭಿಪ್ರಾಯ. ಈ ವಾದವನ್ನು ಒಪ್ಪಲಾಗದು. ‘ಇನ್’ ಎಂದರೆ ಅಲ್ಲ ಎಂದು ತಿಳಿದವನು ಓದು ಬಾರದವನಲ್ಲ. ಅವನು ಓದಿದ್ದರಿಂದಲೇ ಮೋಸಹೋಗುತ್ತಾನೆ. ಓದಿನ ಗಂಧವೇ ಇಲ್ಲದವನಿಗೆ ಆ ಉಪಸರ್ಗ ಏನನ್ನೂ ಹೇಳುವುದಿಲ್ಲ, ಹಾಗಾಗಿ ಸುಳ್ಳನ್ನೂ ಹೇಳುವುದಿಲ್ಲ.

ಇಂಥ ತಪ್ಪು ಬಿಡಿಸುವಿಕೆ ಅಜ್ಞಾನದ ಗುರುತು ಎಂದು ಹಳಿಯುವವರು ‘ಅಸುರ’ ಪದದ ಚರಿತ್ರೆಯನ್ನು ನೋಡಬೇಕು. ವೇದದ ಹಳೆಯ ಭಾಗಗಳಲ್ಲಿ ವರುಣನಂಥ ದೇವತೆಗಳಿಗೇ ಅಸುರ ಎಂಬ ವಿಶೇಷಣವಿದೆ. ಅದರ ಮೊದಲ ‘ಅ’ ನಿಷೇಧದ್ದಲ್ಲ. ಕಾಲಾಂತರದಲ್ಲಿ ಜನ ಅದನ್ನು ಅ–ಸುರ ಎಂದು ಒಡೆದರು, ಸುರನಲ್ಲದವನು ಅಸುರ ಎಂದುಕೊಂಡರು, ಹಾಗೆ ‘ಸುರ’ ಎಂಬ ಹೊಸ ಪದವೇ ಹುಟ್ಟಿತು. ಇವತ್ತು ಸುರಲೋಕ, ಸುರಗಂಗೆ ಎಂದರೆ ಯಾರೂ ಆಕ್ಷೇಪಿಸುವುದಿಲ್ಲ. ಸಂಸ್ಕೃತಕ್ಕೆ ಒಗ್ಗಿದ್ದು ಇಂಗ್ಲಿಷಿಗೆ ಅಪಚಾರವೆನ್ನಲು ಕಾರಣವಿಲ್ಲ.

ಉಪಸರ್ಗಕ್ಕೆ ಸ್ವಂತ ಅರ್ಥ ಇದೆಯೇ ಎಂಬ ಪ್ರಶ್ನೆ ನಮ್ಮಲ್ಲಿ ಬಹಳ ಹಳೆಯದು. ಯಾಸ್ಕನ ನಿರುಕ್ತ ಎರಡು ಪಕ್ಷಗಳನ್ನು ದಾಖಲಿಸುತ್ತದೆ. ಬಿಡಿಯಾಗಿ ನಿಂತ ಉಪಸರ್ಗ ಅರ್ಥ ಹೇಳದು ಎಂದ ಶಾಕಟಾಯನ. ಅವಕ್ಕೆ ಬಗೆಬಗೆಯ ಅರ್ಥಗಳಿವೆ ಎಂದ ಗಾರ್ಗ್ಯ. ಆಹಾರ, ವಿಹಾರ, ಸಂಹಾರ, ಪರಿಹಾರಗಳನ್ನು ಒಟ್ಟಿಗೆ ಇಟ್ಟರೆ ಶಾಕಟಾಯನನ ಮಾತು ತೂಕದ್ದೆನಿಸುತ್ತದೆ. ಇಂಗ್ಲಿಷಿನ ರಿಸೀವ್, ಡಿಸೀವ್, ಪರ್ಸೀವ್, ಕನ್ಸೀವ್‌ಗಳೂ ಅದೇ ಜಾತಿಯವು. ಇವುಗಳಲ್ಲಿ ‘ಸೀವ್’ ಏನೆಂದು ಇಂದಿನ ಇಂಗ್ಲಿಷ್ ಮಾತುಗಾರ ಹೇಳಲಾರ. ‘ರಿಸೀವ್’ನ ‘ರಿ’ಯಲ್ಲಿ ‘ಮತ್ತೆ’ ಎಂಬುದೂ ಉಳಿದಿಲ್ಲ. 1976ರಲ್ಲಿ ಭಾಷಾವಿಜ್ಞಾನಿ ಮಾರ್ಕ್ ಅರೊನಾಫ್ ತಮ್ಮ ಪುಸ್ತಕದಲ್ಲಿ ಇಂಥ ಪದಗಳನ್ನೇ ಹಿಡಿದು, ಪದದ ತುಂಡುಗಳಿಗೆಲ್ಲ ನಿಶ್ಚಿತ ಅರ್ಥ ಹುಡುಕುವುದು ವ್ಯರ್ಥವೆಂದು ವಾದಿಸಿದರು. ಎಲ್ಲ ಪದವನ್ನೂ ಬಿಡಿಸಿ ನೋಡಿ ಎಂಬ ಮೇಷ್ಟ್ರ ಸೂತ್ರಕ್ಕೆ ಇಲ್ಲೊಂದು ಮಿತಿ ಕಾಣುತ್ತದೆ.

ಆದರೆ ‘ಅನ್’ ಗಾರ್ಗ್ಯನ ಪಕ್ಷದ್ದು. ಈ ಉಪನ್ಯಾಸದ ನಿಜವಾದ ವಿಷಯವೂ ಅದೇ.

ಅನ್‌ಹ್ಯಾಪಿ ಎಂಬಲ್ಲಿ ‘ಅನ್’ ಅಲ್ಲಗಳೆಯುತ್ತದೆ. ಅನ್‌ಟೈ ಎಂಬಲ್ಲಿ? ‘ಕಟ್ಟದಿರು’ ಎಂದಲ್ಲ, ‘ಕಟ್ಟಿದ್ದನ್ನು ಬಿಚ್ಚು’ ಎಂದು. ಈ ಎರಡನೆಯ ‘ಅನ್’ ಬೇರೆ ಬೇರಿನಿಂದ ಬಂದದ್ದು. ಜರ್ಮನ್ನಿನ ‘ಎಂಟ್’, ಗ್ರೀಕಿನ ‘ಆಂಟಿ’ ಅದರ ಬಂಧುಗಳು. ‘ಅನ್‌ಲಾಕಬಲ್’ ಎಂಬ ಒಂದೇ ಪದ ಬೀಗ ಹಾಕಲಾಗದ ಬಾಗಿಲಿಗೂ ಸಲ್ಲುತ್ತದೆ, ಬೀಗ ತೆಗೆಯಬಹುದಾದ ಬಾಗಿಲಿಗೂ ಸಲ್ಲುತ್ತದೆ. ಯಾವ ‘ಅನ್’ ಎಲ್ಲಿ ಸೇರಿತು ಎಂಬುದರ ಮೇಲೆ ಅದು ನಿಂತಿದೆ.

ಎರಡನೆಯ ‘ಅನ್’ ಯಾವ ಕ್ರಿಯಾಪದಗಳಿಗೆ ಅಂಟುತ್ತದೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಬೆಂಜಮಿನ್ ಲೀ ವೋರ್ಫ್. ಎಂಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದ ಅವರು 1919ರಿಂದ ಹಾರ್ಟ್‌ಫರ್ಡ್ ಫೈರ್ ಇನ್ಶೂರೆನ್ಸ್ ಕಂಪನಿಯ ನೌಕರರು. ಭಾಷಾಧ್ಯಯನ ಅವರ ಬಿಡುವಿನ ತಪಸ್ಸು. ಖಾಲಿ ಪೆಟ್ರೋಲ್ ಪೀಪಾಯಿಗಳ ಬಳಿ ಜನ ‘ಖಾಲಿ’ ಎಂಬ ಪದವನ್ನು ನಂಬಿ ಸಿಗರೇಟು ಸೇದುತ್ತಾರೆ, ಒಳಗೆ ಆವಿ ಇರುವುದನ್ನು ಮರೆಯುತ್ತಾರೆ ಎಂದು ಗಮನಿಸಿದವರೂ ಅವರೇ. 1941ರಲ್ಲಿ ತೀರಿಕೊಂಡ ಅವರ ಬರಹಗಳು 1956ರಲ್ಲಿ ಸಂಕಲನವಾಗಿ ಬಂದವು. ‘ಅನ್’ ಹಿಡಿಯುವ ಕ್ರಿಯೆಗಳೆಲ್ಲ ಮುಚ್ಚುವ, ಸುತ್ತುವ, ಬಿಗಿಯುವ, ಅಂಟಿಸುವ ಬಗೆಯವು. ಈ ಗುಂಪಿಗೆ ಇಂಗ್ಲಿಷಿನಲ್ಲಿ ಹೆಸರೇ ಇಲ್ಲದಿದ್ದರೂ ಮಾತನಾಡುವವರು ಅದನ್ನು ಅರಿಯದೆಯೇ ಪಾಲಿಸುತ್ತಾರೆ ಎಂಬುದು ಅವರ ಮತ. ಅನ್‌ಕವರ್, ಅನ್‌ಫೋಲ್ಡ್, ಅನ್‌ರೋಲ್, ಅನ್‌ಡ್ರೆಸ್ ಉಂಟು. ಅನ್‌ಬ್ರೇಕ್, ಅನ್‌ಕುಕ್ ದಿನದ ಮಾತಿನಲ್ಲಿಲ್ಲ.

ಹೆಸರಿಲ್ಲದ ಆ ಗುಂಪಿಗೆ ಕನ್ನಡದಲ್ಲಿ ಹೆಸರಿದೆ. ಗಂಟು ಬಿಚ್ಚು, ಗುಂಡಿ ಬಿಚ್ಚು, ಬಟ್ಟೆ ಬಿಚ್ಚು, ಪೊಟ್ಟಣ ಬಿಚ್ಚು, ಚಾಪೆಯ ಸುರುಳಿ ಬಿಚ್ಚು, ಜಡೆ ಬಿಚ್ಚು. ಇಂಗ್ಲಿಷ್ ಆರು ಕ್ರಿಯಾಪದಗಳಿಗೆ ‘ಅನ್’ ಹಚ್ಚಿ ಮಾಡುವ ಕೆಲಸವನ್ನು ಕನ್ನಡ ಒಂದೇ ಕ್ರಿಯಾಪದದಿಂದ ಮಾಡುತ್ತದೆ. ಮನಸ್ಸು ಬಿಚ್ಚಿ ಮಾತಾಡುವವನೂ ಮುಚ್ಚಿಟ್ಟದ್ದನ್ನೇ ಹೊರಗಿಡುತ್ತಾನೆ. ಮುರಿದದ್ದನ್ನು, ಬೇಯಿಸಿದ್ದನ್ನು ಬಿಚ್ಚಲಾಗದು. ಆ ಪದಗಳಿಗೆ ‘ಅನ್’ ಕೂಡ ಸೇರದು. ಕುಲದಲ್ಲೂ ರಚನೆಯಲ್ಲೂ ದೂರದ ಎರಡು ಭಾಷೆಗಳು ಹೆಚ್ಚೂಕಡಿಮೆ ಒಂದೇ ಗೆರೆಯನ್ನು ಎಳೆದಿವೆ. ವೋರ್ಫ್ ಮತಕ್ಕೆ ಇದು ಬಲವಾದ ಸಾಕ್ಷಿ ಎಂಬುದು ಉಪನ್ಯಾಸಕನ ನಿಲುವು.

ಎದುರು ಪಕ್ಷದವರು ಹೇಳುವುದು: ಗುಂಪೂ ಬೇಡ, ಗಿಂಪೂ ಬೇಡ, ಕ್ರಿಯೆಯನ್ನು ಹಿಂದಿರುಗಿಸುವುದಷ್ಟೇ ‘ಅನ್’ ಕೆಲಸ. ಹಾಗಾದರೆ ‘ಅನ್‌ಲೂಸನ್’ ಎಂದರೆ ಬಿಗಿ ಮಾಡು ಎಂದಾಗಬೇಕಿತ್ತು. ಆದರೆ ಅದರ ಅರ್ಥವೂ ಸಡಿಲಿಸು ಎಂದೇ. ಭಾಷಾವಿಜ್ಞಾನಿ ಲಾರೆನ್ಸ್ ಹಾರ್ನ್ ಇದನ್ನು ಗಮನಿಸಿ, ‘ಅನ್’ ಕ್ರಿಯೆಗಳು ವ್ಯವಸ್ಥೆಯಿಂದ ಅವ್ಯವಸ್ಥೆಯ ಕಡೆಗೆ ಜಾರುತ್ತವೆ ಎಂದು ವಿವರಿಸಿದರು. ಹಿಂದಿರುಗಿಸುವ ವಾದಕ್ಕಿಂತ ಇದು ಎಷ್ಟೋ ಮೇಲು. ಆದರೂ ಫೋನಿನಲ್ಲಿ ‘ಅನ್‌ಬ್ಲಾಕ್’ ಒತ್ತಿದವನು ಅವ್ಯವಸ್ಥೆಯನ್ನೇನೂ ಮಾಡುತ್ತಿಲ್ಲ, ತಾನೇ ಹಾಕಿದ ತಡೆಯನ್ನು ತೆಗೆಯುತ್ತಿದ್ದಾನೆ. ‘ಅನ್’ ಎಂದರೆ ‘ಬಿಚ್ಚು’ ಎಂದುಕೊಂಡರೆ ಅನ್‌ಲೂಸನ್ ಎಂಬಲ್ಲಿ ವಿರೋಧವೇ ಉಳಿಯದು. ಬಿಚ್ಚಿ ಸಡಿಲಿಸು, ಅಷ್ಟೆ. 2009ರಲ್ಲಿ ನ್ಯೂ ಆಕ್ಸ್‌ಫರ್ಡ್ ಅಮೆರಿಕನ್ ಡಿಕ್ಷನರಿ ವರ್ಷದ ಪದವೆಂದು ಆರಿಸಿದ ‘ಅನ್‌ಫ್ರೆಂಡ್’ ಕೂಡ ನಂಟು ಕಳಚುವುದೇ.

ಅಲ್ಲಗಳೆಯುವ ಉಪಸರ್ಗವನ್ನೂ ಕನ್ನಡದ ಕಿವಿಯಿಂದ ಕೇಳಿದರೆ ಅರ್ಧ ಗೊಂದಲ ಇಳಿಯುತ್ತದೆ. ‘ಇನ್‌ವ್ಯಾಲ್ಯುಬಲ್’ ಎಂದರೆ ಬೆಲೆ ಇಲ್ಲದ್ದು ಎಂದು ಬರೆದು ಅಂಕ ಕಳೆದುಕೊಳ್ಳುವ ಮಕ್ಕಳು ಮನೆಯಲ್ಲಿ ‘ಅಮೂಲ್ಯ’ ಎಂಬ ಹೆಸರನ್ನು ಕೇಳಿಯೇ ಇರುತ್ತಾರೆ. ಎರಡರ ಕಟ್ಟೋಣವೂ ಒಂದೇ: ಬೆಲೆ ಕಟ್ಟಲಾಗದ್ದು. ಅಕ್ಕಪಕ್ಕ ಇಟ್ಟು ತೋರಿಸುವವರು ಬೇಕು. ಮೇಷ್ಟ್ರು ಇದ್ದಿದ್ದರೆ ಈ ಜೋಡಿಯನ್ನು ಮರುದಿನವೇ ಕರಿಹಲಗೆಗೆ ಏರಿಸುತ್ತಿದ್ದರು.

ಪಠ್ಯ ಸಿದ್ಧಪಡಿಸುವವರಲ್ಲಿ ಒಂದು ಮನವಿ. ಪಟ್ಟಿಯಲ್ಲಿ ‘ಇನ್’ಗೆ ಎರಡು ಸಾಲು ಕೊಡಿ, ‘ಅಲ್ಲ’ ಮತ್ತು ‘ಒಳಗೆ’. ‘ಅನ್’ಗೂ ಎರಡು, ‘ಅಲ್ಲ’ ಮತ್ತು ‘ಬಿಚ್ಚು’. ತೈಲ ಸಾಗಿಸುವ ಕಂಪನಿಗಳಲ್ಲಿ ಇನ್ನೊಂದು ಮನವಿ: ಟ್ಯಾಂಕರಿನ ಬೆನ್ನ ಮೇಲಿನ ‘ಇನ್’ ಅಳಿಸಿ, ಪಕ್ಕದಲ್ಲಿ ಅಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ‘ಬೇಗ ಬೆಂಕಿ ಹೊತ್ತಿಕೊಳ್ಳುತ್ತದೆ’ ಎಂದು ಬರೆಸಿ.